ಯಾರು ಗೆಲ್ಲುತ್ತಾರೆಂದು ಹೇಳದ ಮೇಷ್ಟ್ರು

ನಮ್ಮ ಮೇಷ್ಟ್ರ ಎಡ ಹುಬ್ಬು ಅವರ ಮಾತು ಕೇಳುತ್ತಿರಲಿಲ್ಲ. ಬಲ ಹುಬ್ಬು ನರೆತು, ಸಭ್ಯವಾಗಿ, ಕನ್ನಡಕದ ಮೇಲಂಚಿಗೆ ಒರಗಿಕೊಂಡು ಮಲಗಿರುತ್ತಿತ್ತು. ಎಡದ್ದು ಮಾತ್ರ ಇನ್ನೂ ಕಪ್ಪಗೆ, ದಪ್ಪಗೆ ಇತ್ತು. ಎದುರಿಗಿದ್ದವರು ಏನಾದರೂ ಅಸಂಬದ್ಧ ಮಾತಾಡಿದರೆ ಸಾಕು, ಕಂಬಳಿಹುಳದ ಹಾಗೆ ಬೆನ್ನು ಬಾಗಿಸಿಕೊಂಡು ಅರ್ಧ ಹಣೆಯವರೆಗೂ ಏರಿಬಿಡುತ್ತಿತ್ತು. ಬೇರೆ ಯಾವುದಾದರೂ ಕೆಲಸದಲ್ಲಿದ್ದಿದ್ದರೆ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಮೇಷ್ಟ್ರ ಕೆಲಸ ಅಮೆರಿಕದ ಮತದಾರರನ್ನು ಓದುವುದು. ಬಾಗಿಲು ಬಾಗಿಲಿಗೆ ಹೋಗಿ, ಬೆಲ್ಲು ಒತ್ತಿ, ಯಾರಿಗೆ ಓಟು ಹಾಕುತ್ತೀರಿ, ಯಾವ ಪಕ್ಷ ನಿಮಗೆ ಹತ್ತಿರ ಎಂದು ಕೇಳಿ ಬರೆದುಕೊಳ್ಳುವುದು. ಕೇಳುವವನ ಹುಬ್ಬು ಮೇಲಕ್ಕೆ ಹೋದರೆ ಹೇಳುವವನ ಉತ್ತರ ಬದಲಾಗುತ್ತದೆ. ಅದಕ್ಕೇ ಸಮೀಕ್ಷೆಗೆ ಹೊರಟಾಗಲೆಲ್ಲ ಒಂದು ನೀಲಿ ಟೋಪಿಯನ್ನು ಕನ್ನಡಕದವರೆಗೂ ಎಳೆದುಕೊಳ್ಳುತ್ತಿದ್ದರು. "ಇಷ್ಟು ಓದಿದೋರು, ಹುಬ್ಬಿಗೆ ಮುಸುಕು ಹಾಕ್ಕೊಂಡು ಊರು ಸುತ್ತುತಾರೆ ನೋಡು" ಎಂದು ಅವರ ಮನೆಯವರು ನನಗೆ ಮೊದಲ ಭೇಟಿಯಲ್ಲೇ ಹೇಳಿದ್ದರು. ಮನೆಯವರನ್ನು ನಾನು ಆಂಟಿ ಎಂದು ಕರೆಯಹೋಗಿ ಬೈಸಿಕೊಂಡು, ಆಮೇಲಿನಿಂದ ಅಕ್ಕ ಎನ್ನುತ್ತಿದ್ದೆ.

ಮೇಷ್ಟ್ರು ಹಾಸನದ ಕಡೆಯವರು. ಕ್ಯಾಲಿಫೋರ್ನಿಯಾದ ಹೇವರ್ಡಿನ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ನಾನು ಮಂಡ್ಯದವಳು. ಮೈಸೂರಿನಲ್ಲಿ ಅದೇ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿ, ಮದುವೆಯಾಗಿ, ಹೇವರ್ಡಿನ ಹತ್ತಿರದ ನೆವಾರ್ಕಿನ ಒಂದು ಅಪಾರ್ಟ್‌ಮೆಂಟಿಗೆ ಬಂದು ಬಿದ್ದಿದ್ದೆ. ನನ್ನ ಗಂಡ ಕಾರು ಕಂಪನಿಯಲ್ಲಿ ಇಂಜಿನಿಯರು. ನನ್ನ ವೀಸಾದಲ್ಲಿ ಓದಬಹುದಿತ್ತು, ದುಡಿಯುವಂತಿರಲಿಲ್ಲ. ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರೋ ನನ್ನನ್ನು ಮೇಷ್ಟ್ರ ಮುಂದೆ ತಂದು ನಿಲ್ಲಿಸಿ, "ಇವರೂ ನಿಮ್ಮ ಸಬ್ಜೆಕ್ಟೇ ಸಾರ್" ಎಂದರು.

"ಓಹೋ. ನಿಮ್ಮೂರಲ್ಲಿ ಹೋದ ಸಲ ಯಾರು ಗೆದ್ರು?" ಎಂದು ಕೇಳಿದರು ಮೇಷ್ಟ್ರು.

ನಾನು ಹೇಳಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಯಾಕೆ ಗೆದ್ದರು ಎಂದು ಅವರು ಕೇಳಿಯೇ ಇರಲಿಲ್ಲ. ಆದರೆ ತಿಂಗಳುಗಟ್ಟಲೆ ಯಾರೊಂದಿಗೂ ಪಾಠದ ವಿಷಯ ಮಾತಾಡದೆ ಕೂತಿದ್ದ ನಾನು ಕಾವೇರಿ ನೀರು, ಸಕ್ಕರೆ ಕಾರ್ಖಾನೆ, ಜಾತಿ, ಒಳಜಾತಿ, ಸಿನಿಮಾ ಎಲ್ಲವನ್ನೂ ಸೇರಿಸಿ ದೊಡ್ಡದೊಂದು ಉಪನ್ಯಾಸ ಕೊಟ್ಟೆ. ತಟ್ಟೆಯಲ್ಲಿದ್ದ ಒಬ್ಬಟ್ಟು ತಣ್ಣಗಾಗುವವರೆಗೂ ಮೇಷ್ಟ್ರು ಕೇಳಿಸಿಕೊಂಡರು. ಆವತ್ತು ಟೋಪಿ ಇರಲಿಲ್ಲವಾದ್ದರಿಂದ ಹುಬ್ಬು ಎಲ್ಲೆಲ್ಲಿ ಏರಿತು ಎನ್ನುವುದು ನನಗೂ ಕಂಡಿತು. ನಾನು ಮುಗಿಸಿದ ಮೇಲೆ, "ನೀವು ಹಾಕಿದ್ರಾ ಓಟು?" ಎಂದರು.

"ಆವತ್ತು ಊರಲ್ಲಿ ನಮ್ಮಕ್ಕನ ಮನೆ ಗೃಹಪ್ರವೇಶ ಇತ್ತು ಸಾರ್. ಹೋಗೋಕಾಗ್ಲಿಲ್ಲ."

"ಭೇಷ್. ಓಟು ಹಾಕದೇ ಇರೋರ ಹತ್ರಾನೇ ಇಷ್ಟು ಒಳ್ಳೆ ಕಾರಣಗಳು ಸಿಗೋದು. ಸೋಮವಾರ ಬಂದು ನನ್ನ ಕ್ಲಾಸಲ್ಲಿ ಕೂತ್ಕೊಳಮ್ಮ."

ನಾನು ಹೋಗಿ ಕೂತೆ. ಮುಂದಿನ ವರ್ಷಕ್ಕೆ ಅರ್ಜಿ ಹಾಕಿ ವಿದ್ಯಾರ್ಥಿನಿಯೇ ಆದೆ.

ಮೇಷ್ಟ್ರು ಇಡೀ ಜೀವಮಾನದ ಓದಿನಿಂದ ಕಂಡುಕೊಂಡಿದ್ದು ಒಂದೇ ಸಂಗತಿ ಎಂದು ಅವರೇ ಹೇಳುತ್ತಿದ್ದರು. ಜನ ಮೊದಲು ಓಟು ಹಾಕುತ್ತಾರೆ, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ. "ಏನು ಅಂತ ಕೇಳು, ಎಷ್ಟು ಸಲ ಅಂತ ಕೇಳು, ಯಾವಾಗ ಅಂತ ಕೇಳು. ಯಾಕೆ ಅಂತ ಮಾತ್ರ ಕೇಳಬೇಡ. ಯಾಕೆ ಅಂದ ತಕ್ಷಣ ಮನುಷ್ಯ ಸುಳ್ಳು ಹೇಳೋಕೆ ಶುರು ಮಾಡ್ತಾನೆ. ಬೇಕು ಅಂತಲ್ಲ, ಪಾಪ, ಅವನಿಗೇ ಗೊತ್ತಾಗಲ್ಲ."

ಚುನಾವಣೆಯ ಕಾಲ ಬಂದಾಗ ನನ್ನನ್ನೂ ಬಾಗಿಲು ತಟ್ಟಲು ಕರೆದುಕೊಂಡು ಹೋದರು. ಮೊದಲ ಮನೆಯಲ್ಲಿ ಒಬ್ಬ ಮುದುಕ ಗರಾಜಿನಲ್ಲಿ ಹುಲ್ಲು ಕತ್ತರಿಸುವ ಮಿಷನ್ನು ಬಿಚ್ಚಿಕೊಂಡು ಕೂತಿದ್ದ. ನಾನು ಹಾಳೆ ನೋಡಿಕೊಂಡು ಪ್ರಶ್ನೆ ಕೇಳಿದೆ. ತಾನು ಪಕ್ಷ ನೋಡಿ ಓಟು ಹಾಕುವವನೇ ಅಲ್ಲ, ಮನುಷ್ಯನನ್ನು ನೋಡಿ ಹಾಕುವವನು ಎಂದು ಎದೆಯುಬ್ಬಿಸಿ ಹೇಳಿದ. ಹಿಂದಿನ ಚುನಾವಣೆಗಳಲ್ಲಿ ಯಾರು ಯಾರಿಗೆ ಎಂದು ಒಂದೊಂದಾಗಿ ಕೇಳಿದೆ. ನೆನಪಿದ್ದಷ್ಟು ಕಾಲದಿಂದಲೂ ಒಂದೇ ಪಕ್ಷ. ಎಲ್ಲ ಒಳ್ಳೆಯ ಮನುಷ್ಯರೂ ಅದೇ ಪಕ್ಷದಲ್ಲಿ ಹುಟ್ಟಿದ್ದರು. ನಾನು ತಡೆಯಲಾರದೆ, "ಹೌದಾ?" ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಒಂದು ಮಾತು ಅಂದುಬಿಟ್ಟೆ.

ಮುದುಕನ ಮುಖ ಬಿಗಿಯಿತು. ಉಳಿದ ಪ್ರಶ್ನೆಗಳಿಗೆಲ್ಲ ಗೊತ್ತಿಲ್ಲ, ಗೊತ್ತಿಲ್ಲ ಎಂದು ಹೇಳಿ ಮಿಷನ್ನಿನ ಕಡೆ ತಿರುಗಿಕೊಂಡ.

ಬೀದಿಗೆ ಬಂದ ಮೇಲೆ ಮೇಷ್ಟ್ರು ಟೋಪಿ ತೆಗೆದು ಬೆವರೊರೆಸಿಕೊಂಡರು. "ನಿನ್ನ 'ಹೌದಾ'ದಲ್ಲಿ ತೀರ್ಪು ಇತ್ತು ಕಣಮ್ಮ. ಅಲ್ಲಿವರೆಗೂ ಅವನು ನಮಗೆ ತನ್ನ ವಿಷಯ ಹೇಳ್ತಿದ್ದ. ಆಮೇಲೆ ನಿನ್ನಿಂದ ತಪ್ಪಿಸ್ಕೊಳ್ತಿದ್ದ."

"ಮತ್ತೇನು ಹೇಳ್ಬೇಕಿತ್ತು ಸಾರ್?"

"ಸರಿ ಅನ್ಬೇಕು. ಬರೀ ಸರಿ. ಅದರಲ್ಲಿ ಉಪ್ಪೂ ಇರಬಾರದು, ಖಾರಾನೂ ಇರಬಾರದು. ಮನೇಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡು."

ನಾನು ಅಕ್ಷರಶಃ ಮಾಡಿದೆ. ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು, "ಸರಿ. ಧನ್ಯವಾದ. ಇನ್ನೇನಾದರೂ ಹೇಳುವುದಿದೆಯೇ?" ಎಂದು ಇಂಗ್ಲಿಷಿನಲ್ಲಿ ದಿನಾ ಹೇಳಿಕೊಂಡೆ. ಅದು ಎಷ್ಟರ ಮಟ್ಟಿಗೆ ಮೈಗೂಡಿತೆಂದರೆ, ಒಂದು ಸಂಜೆ ನನ್ನ ಗಂಡ ಆಫೀಸಿನಿಂದ ಬಂದು, "ಬಾಸ್ ಜೊತೆ ಜಗಳ ಆಯ್ತು, ಕೆಲಸ ಬಿಟ್ಟುಬಿಡೋಣ ಅನ್ಸುತ್ತೆ" ಎಂದಾಗ, "ಸರಿ. ಇನ್ನೇನಾದ್ರೂ ಹೇಳೋದಿದೆಯಾ?" ಎಂದೆ. ಅವರು ಶೂ ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ, ಮದುವೆಯಾದಾಗಿನಿಂದ ಹೇಳದೇ ಇದ್ದ ವಿಷಯಗಳನ್ನೆಲ್ಲ ಊಟದ ಹೊತ್ತಿನವರೆಗೂ ಕೂತು ಹೇಳಿದರು. ಕೊನೆಯಲ್ಲಿ, "ನಿಮ್ಮ ಮೇಷ್ಟ್ರು ನಿನಗೆ ಏನು ಕಲಿಸ್ತಿದ್ದಾರೆ?" ಎಂದು ಸ್ವಲ್ಪ ಹೆದರಿಕೆಯಿಂದಲೇ ಕೇಳಿದರು.

ಚುನಾವಣೆ ಹತ್ತಿರವಾದಂತೆ ಮೇಷ್ಟ್ರಿಗೆ ಎಲ್ಲ ಕಡೆಯೂ ಒಂದೇ ಪ್ರಶ್ನೆ. ದೇವಸ್ಥಾನದಲ್ಲಿ, ಗ್ರೋಸರಿ ಅಂಗಡಿಯ ಸೊಪ್ಪಿನ ಸಾಲಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ, "ಸಾರ್, ಯಾರು ಗೆಲ್ತಾರೆ?" ಮೇಷ್ಟ್ರು ಯಾರಿಗೂ ಹೇಳುತ್ತಿರಲಿಲ್ಲ. "ಅದು ನನ್ನ ಕೆಲಸ ಅಲ್ಲ. ಗೆದ್ದ ಮೇಲೆ ಹೇಗೆ ಗೆದ್ರು ಅಂತ ಹೇಳೋದು ನನ್ನ ಕೆಲಸ" ಎನ್ನುತ್ತಿದ್ದರು. ಜನ ಇದನ್ನು ವಿನಯ ಎಂದುಕೊಂಡು ಇನ್ನಷ್ಟು ಒತ್ತಾಯ ಮಾಡುತ್ತಿದ್ದರು.

ಒಮ್ಮೆ ಬೆಂಗಳೂರಿನ ಒಂದು ಟಿವಿ ಚಾನೆಲ್ಲಿನವರು ಫಲಿತಾಂಶದ ದಿನ ಮೇಷ್ಟ್ರನ್ನು ಮನೆಯಿಂದಲೇ ಮಾತಾಡಲು ಒಪ್ಪಿಸಿದರು. ಇಲ್ಲಿ ಸಂಜೆ, ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಅಕ್ಕ ಮೇಷ್ಟ್ರಿಗೆ ಮೇಲೆ ಕೋಟು ಹಾಕಿಸಿದರು, ಕೆಳಗೆ ಪಂಚೆ ಹಾಗೇ ಇತ್ತು. ಮೇಷ್ಟ್ರ ಹಿಂದೆ ಪುಸ್ತಕದ ಕಪಾಟು ಕಾಣಿಸುವ ಹಾಗೆ ಲ್ಯಾಪ್‌ಟಾಪನ್ನು ನಾನು ನಾಲ್ಕು ದಪ್ಪ ಡಿಕ್ಷನರಿಗಳ ಮೇಲಿಟ್ಟೆ. ನಿರೂಪಕ ಕಿರುಚುತ್ತಲೇ ಬಂದ.

"ಹೇಳಿ ಸಾರ್, ಇಡೀ ಕರ್ನಾಟಕ ಕಾಯ್ತಾ ಇದೆ, ಯಾರು ಗೆಲ್ತಾರೆ? ಒಂದೇ ಮಾತಲ್ಲಿ ಹೇಳಿ."

"ನೋಡಿ, ಈ ದೇಶದಲ್ಲಿ ಒಂದೊಂದು ರಾಜ್ಯದ ಎಣಿಕೆ ಒಂದೊಂದು ರೀತಿ..."

"ಒಂದೇ ಮಾತಲ್ಲಿ ಸಾರ್."

"ಗೊತ್ತಿಲ್ಲ."

ಒಂದು ಕ್ಷಣ ನಿರೂಪಕನೇ ಸುಮ್ಮನಾದ. ಮೇಷ್ಟ್ರು ಆ ಮೌನವನ್ನು ಬಳಸಿಕೊಂಡು ಅಂಚೆ ಮತಗಳ ಎಣಿಕೆ ಯಾಕೆ ತಡವಾಗುತ್ತದೆ ಎಂದು ವಿವರಿಸಲು ಹೊರಟರು. ಅಷ್ಟರಲ್ಲಿ ಜಾಹೀರಾತು ಬಂತು. ಅದಾದ ಮೇಲೆ ಅವರಿಗೆ ಅವಕಾಶವೇ ಸಿಗಲಿಲ್ಲ. ಆದರೆ ಮೇಷ್ಟ್ರ ಫೋಟೋ ಹಾಕಿ, ಕೆಳಗೆ "ಅಮೆರಿಕದಲ್ಲಿ ಭಾರೀ ಗೊಂದಲ, ತಜ್ಞರಿಗೂ ಗೊತ್ತಿಲ್ಲ" ಎಂಬ ಕೆಂಪು ಪಟ್ಟಿ ಮಧ್ಯಾಹ್ನದವರೆಗೂ ಓಡಿತಂತೆ. ಹಾಸನದಿಂದ ಮೇಷ್ಟ್ರ ಒಡಹುಟ್ಟಿದ ಅಕ್ಕ ಫೋನು ಮಾಡಿದರು. ಸ್ಪೀಕರಿನಲ್ಲಿದ್ದದ್ದರಿಂದ ನಮಗೂ ಕೇಳಿಸಿತು.

"ಏನ್ಲಾ, ಅಷ್ಟು ವರ್ಷ ಅಲ್ಲಿ ಕೂತು ಅದನ್ನೇ ಓದಿ, ಟೀವೀಲಿ ಹೋಗಿ ಗೊತ್ತಿಲ್ಲ ಅಂದ್ಯಲ್ಲ. ಯಾವುದೋ ಒಂದು ಹೆಸರು ಹೇಳೋದಲ್ವಾ? ಪಕ್ಕದ ಮನೆಯೋರೆಲ್ಲಾ ಕೇಳ್ತಾವ್ರೆ."

"ತಪ್ಪಾಗಿದ್ರೆ ಏನ್ ಮಾಡ್ಲಕ್ಕ?"

"ತಪ್ಪಾದ್ರೆ ಯಾರು ನೆನಪಿಟ್ಕೊತಾರ್ಲಾ?"

ಫೋನು ಇಟ್ಟ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿ, "ನಮ್ಮಕ್ಕ ಸ್ಕೂಲಿಗೆ ಹೋಗಿಲ್ಲ. ಆದ್ರೆ ಟೀವಿ ಚರ್ಚೆ ಅಂದ್ರೇನು ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ" ಎಂದರು.

ಇಂಥ ಮೇಷ್ಟ್ರು ತಾವೇ ಚುನಾವಣೆಗೆ ನಿಂತದ್ದು ಹೀಗೆ. ನಮ್ಮ ಕನ್ನಡ ಕೂಟ ಮಕ್ಕಳಿಗೆ ಭಾನುವಾರದ ಕನ್ನಡ ತರಗತಿ ನಡೆಸುತ್ತಿತ್ತು. ತರಗತಿ ನಡೆಯುತ್ತಿದ್ದ ಶಾಲೆಯವರು ಕೋಣೆ ಇನ್ನು ಕೊಡಲಾಗುವುದಿಲ್ಲ ಎಂದರು. ಕೂಟದ ಸಮಿತಿ ಬೇರೆ ಜಾಗ ಹುಡುಕುವ ಬದಲು, ಹೇಗೂ ಮಕ್ಕಳು ಕಡಿಮೆಯಾಗಿದ್ದಾರೆ, ತರಗತಿಯನ್ನೇ ನಿಲ್ಲಿಸಿ ಆ ಉತ್ಸಾಹವನ್ನು ರಾಜ್ಯೋತ್ಸವದ ಡ್ಯಾನ್ಸಿಗೆ ಹಾಕೋಣ ಎಂದು ತೀರ್ಮಾನಿಸಿತು. ಆ ತರಗತಿಯಲ್ಲಿ ಪಾಠ ಹೇಳುತ್ತಿದ್ದವರು ಅಕ್ಕ. ಅವರು ಅಕ್ಷರದ ಚಾರ್ಟುಗಳನ್ನು ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಮನೆಗೆ ಬಂದರು, ಅಷ್ಟೆ. ಮೇಷ್ಟ್ರಿಗೆ ಅದನ್ನು ನೋಡಲಾಗಲಿಲ್ಲ. ಆ ವರ್ಷ ಕೂಟದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಎಂದು ಹೊರಟರು.

ಎದುರಿಗಿದ್ದವರು ಆ ಸಮಿತಿಯಲ್ಲೇ ಇದ್ದ ಹುಬ್ಬಳ್ಳಿ ಕಡೆಯ ಒಬ್ಬರು. ಮನೆ ಕೊಡಿಸುವ, ಮಾರಿಸುವ ವ್ಯವಹಾರ ಅವರದು. ಬೇ ಏರಿಯಾ ಎನ್ನುವ ನಮ್ಮ ಸುತ್ತಿನ ಊರುಗಳ ಅರ್ಧ ಕನ್ನಡಿಗರಿಗೆ ಮನೆ ಕೊಡಿಸಿದ್ದವರು, ಇನ್ನರ್ಧಕ್ಕೆ ಕೊಡಿಸುವ ಭರವಸೆಯಲ್ಲಿದ್ದವರು. ಅವರಿಗೆ ಪ್ರಣಾಳಿಕೆ ಏನೂ ಇರಲಿಲ್ಲ. "ಎಲ್ಲಾರೂ ಕೂಡಿ ಚೊಲೋ ಮಾಡೋಣ್ರಿ" ಎಂಬುದೊಂದೇ ಮಾತು.

ಮೇಷ್ಟ್ರು ಮೊದಲು ಮಾಡಿದ ಕೆಲಸ ಸಮೀಕ್ಷೆ. ನಾನು ಸದಸ್ಯರಿಗೆಲ್ಲ ಫೋನು ಮಾಡಿ ಕೇಳಬೇಕು. ಎಲ್ಲರ ಉತ್ತರವೂ ಒಂದೇ. "ಅಯ್ಯೋ, ಅದನ್ನೂ ಕೇಳ್ಬೇಕಾ? ಮೇಷ್ಟ್ರಿಗೇ ನಮ್ಮ ಓಟು. ಅವರು ನಿಂತಿರೋದೇ ನಮ್ಮ ಪುಣ್ಯ." ಫ್ರೀಮಾಂಟಿನ ಒಬ್ಬ ಹೆಂಗಸು ಮಾತ್ರ ಇಷ್ಟೆಲ್ಲ ಹೇಳಿ, "ಅಂದ ಹಾಗೆ ಆವತ್ತಿನ ಊಟ ಯಾರ ಕಡೆಯಿಂದ?" ಎಂದು ಕೇಳಿದ್ದರು. ಅದನ್ನು 'ಇತರೆ' ಎಂಬಲ್ಲಿ ಬರೆದುಕೊಂಡೆ. ಮೇಷ್ಟ್ರು ಎಲ್ಲವನ್ನೂ ಕೂಡಿಸಿ, ಕಳೆದು, ತಾವು ಭಾರೀ ಅಂತರದಿಂದ ಗೆಲ್ಲುತ್ತಿದ್ದೇವೆ ಎಂದು ಕಂಡುಕೊಂಡರು.

ಕೇಳುವವರಿಗೆ ಇಷ್ಟವಾಗುವ ಉತ್ತರವನ್ನೇ ಜನ ಕೊಡುತ್ತಾರೆ ಎಂದು ಪ್ರತಿ ವರ್ಷ ಮೊದಲ ವಾರದಲ್ಲೇ ಪಾಠ ಮಾಡುತ್ತಿದ್ದವರು ಅವರು. ಫೋನು ಮಾಡಿದವಳು ಮೇಷ್ಟ್ರ ಶಿಷ್ಯೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ನಾನು ಮೆಲ್ಲಗೆ ಅದನ್ನು ಎತ್ತಿದೆ. "ಸಾರ್, ನನ್ನ ದಾಕ್ಷಿಣ್ಯಕ್ಕೆ ಹೇಳಿರಬಹುದಲ್ವಾ?"

"ಅದು ಸಾಮಾನ್ಯ ಜನರ ವಿಷಯ. ಇವರೆಲ್ಲ ನಮ್ಮೋರು" ಎಂದರು ಮೇಷ್ಟ್ರು.

ಅಡಿಗೆಮನೆಯಿಂದ ಅಕ್ಕ ಕೆಮ್ಮಿದರು.

ಚುನಾವಣೆಯ ದಿನ ಫಲಿತಾಂಶ ಸಭಾಂಗಣದ ಬಾಗಿಲಲ್ಲೇ ಗೊತ್ತಾಯಿತು. ಒಳಗಿನಿಂದ ಎಣ್ಣೆಗಾಯಿಯ ಘಮ ಬರುತ್ತಿತ್ತು. ಹುಬ್ಬಳ್ಳಿಯವರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಊಟ ಹಾಕಿಸಿದ್ದರು. ರೊಟ್ಟಿಯನ್ನು ಅಲ್ಲೇ ಬಡಿದು ಬಿಸಿಬಿಸಿ ಬೇಯಿಸುತ್ತಿದ್ದರು. ಊಟ ಮೊದಲು, ಓಟು ಆಮೇಲೆ. ಮೇಷ್ಟ್ರು ಭಾಷಣಕ್ಕೆ ಸಿದ್ಧಮಾಡಿಕೊಂಡು ಬಂದಿದ್ದು ಎರಡನೇ ತಲೆಮಾರಿನ ಮಕ್ಕಳ ಭಾಷಾ ಕಲಿಕೆಯ ಬಗ್ಗೆ. ಜನ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಗೌರವದಿಂದ ಕೇಳಿದರು. ಅವರು ಮಾತು ಮುಗಿಸಿ ಕೆಳಗಿಳಿದು, ತಾವೂ ಸಾಲಿನಲ್ಲಿ ನಿಂತು, ರೊಟ್ಟಿ ಹಾಕಿಸಿಕೊಂಡು ತಿಂದು, ಇನ್ನೊಂದು ರೊಟ್ಟಿಗೆ ಮತ್ತೆ ಸಾಲಿಗೆ ಹೋದದ್ದನ್ನು ನಾನೇ ನೋಡಿದೆ.

ಎಣಿಕೆ ಬೇಗ ಮುಗಿಯಿತು. ಮೇಷ್ಟ್ರಿಗೆ ಬಿದ್ದದ್ದು ಒಂದು ವ್ಯಾನಿನಲ್ಲಿ ಹಿಡಿಸುವಷ್ಟು ಜನರ ಓಟು. ಸೋತವರು ಎರಡು ಮಾತಾಡುವ ಪದ್ಧತಿ ಕೂಟದಲ್ಲಿ ಇರಲಿಲ್ಲ. ಮೇಷ್ಟ್ರೇ ಮೈಕು ಇಸಿದುಕೊಂಡರು.

"ಸಮೀಕ್ಷೆಯಲ್ಲಿ ನಾನು ಗೆದ್ದಿದ್ದೇನೆ. ಚುನಾವಣೆಯಲ್ಲಿ ಇವರು ಗೆದ್ದಿದ್ದಾರೆ. ಎರಡರಲ್ಲೂ ನೀವು ಮನಸ್ಸಿನಿಂದಲೇ ಉತ್ತರ ಕೊಟ್ಟಿದ್ದೀರಿ ಅಂತ ನಂಬಿದ್ದೇನೆ. ರೊಟ್ಟಿ ಬಹಳ ಚೆನ್ನಾಗಿತ್ತು."

ಆ ದಿನ ಬಿದ್ದ ದೊಡ್ಡ ಚಪ್ಪಾಳೆ ಅದೇ. ಗೆದ್ದವರಿಗೂ ಅಷ್ಟು ಬೀಳಲಿಲ್ಲ.

ವಾಪಸು ಬರುವಾಗ ಅಕ್ಕ ಕಾರು ಓಡಿಸುತ್ತಿದ್ದರು, ನಾನು ಹಿಂದೆ ಕೂತಿದ್ದೆ. ಫ್ರೀವೇ ಸೇರಿದ ಮೇಲೆ ಮೇಷ್ಟ್ರು ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ಸೋತೋರ ಮುಖಗಳನ್ನ ಟೀವೀಲಿ ನೋಡಿ ನೋಡಿ ಎಷ್ಟೊಂದು ಬರೆದಿದ್ದೀನಿ. ಸೋತ್ರೆ ಇಷ್ಟು ಸಂಕಟ ಆಗುತ್ತೆ ಅಂತ ಒಬ್ಬ ಅಭ್ಯರ್ಥೀನೂ ನನಗೆ ಹೇಳಿರಲಿಲ್ಲ."

"ನೀವು ಕೇಳಿರಲಿಲ್ಲ" ಎಂದರು ಅಕ್ಕ.

ಮೇಷ್ಟ್ರು ಧ್ವನಿ ತಗ್ಗಿಸಿ, "ನೀನಾದ್ರೂ ನನಗೆ ಹಾಕಿದ್ಯೇನೇ?" ಎಂದರು.

"ಗುಪ್ತ ಮತದಾನ ಅಂದ್ರೇನು ಅಂತ ನೀವೇ ಊರಿಗೆಲ್ಲ ಪಾಠ ಮಾಡ್ತೀರಿ."

ಮೇಷ್ಟ್ರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ನಾನು ಕನ್ನಡಿಯ ಮುಂದೆ ಕಲಿತ ಮುಖವನ್ನೇ ಹೊತ್ತು ಕೂತಿದ್ದೆ.

ಮುಂದಿನ ಭಾನುವಾರ ಅಕ್ಕ ಚಾರ್ಟುಗಳನ್ನು ಮನೆಯ ಗರಾಜಿನ ಗೋಡೆಗೆ ಅಂಟಿಸಿ ತರಗತಿ ಶುರುಮಾಡಿದರು. ಮೊದಲ ದಿನ ಬಂದದ್ದು ಮೂರೋ ನಾಲ್ಕೋ ಮಕ್ಕಳು, ಕೂರಲು ಜಮಖಾನ. ಅಕ್ಕ ಅ ಆ ಬರೆಯುತ್ತಿದ್ದಾಗ ಮನೆಯ ಮುಂದೆ ಒಂದು ದೊಡ್ಡ ವ್ಯಾನು ನಿಂತಿತು. ಇಳಿದವರು ಹುಬ್ಬಳ್ಳಿಯವರು. ವ್ಯಾನಿನ ತುಂಬ ಮಡಚುವ ಕುರ್ಚಿಗಳು.

"ಮಾಸ್ತರ್, ಮಾರೋ ಮನೀ ತೋರಸೋ ಓಪನ್ ಹೌಸಿಗೆ ಇಟ್ಟಿದ್ದ ಖುರ್ಚಿ ಅದಾವ್ರಿ. ಶನಿವಾರ ನನಗ ಬೇಕು, ಐತವಾರ ನಿಮಗ" ಎಂದರು. ಆಮೇಲೆ ವ್ಯಾನಿನ ಹಿಂದಿನ ಸೀಟಿನಿಂದ ಒಂದು ಪುಟ್ಟ ಹುಡುಗಿಯನ್ನು ಎತ್ತಿ ಇಳಿಸಿದರು. "ಇಕಿ ನನ್ನ ಮೊಮ್ಮಗಳು. ನಾ ಏನ್ ಅಂದ್ರೂ ತಿಳೀತದ, ಉತ್ತರಾ ಮಾತ್ರ ಇಂಗ್ಲೀಷಿನ್ಯಾಗ. ಸ್ವಲ್ಪ ನೋಡ್ರಿ."

"ಹಾಗಾದ್ರೆ ಕೂಟದಲ್ಲಿ ಯಾಕ್ರೀ ನಿಲ್ಲಿಸಿದ್ರಿ?" ಎಂದು ಕೇಳಿಬಿಟ್ಟರು ಮೇಷ್ಟ್ರು. ಅವರ ಬಾಯಿಂದ 'ಯಾಕೆ' ಎಂಬ ಪ್ರಶ್ನೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹುಬ್ಬಳ್ಳಿಯವರು ತಲೆ ಕೆರೆದುಕೊಂಡು, "ಆ ಸಮಿತಿ ಮೀಟಿಂಗಿನ್ಯಾಗ ಎಲ್ಲಾರೂ ಕೈ ಎತ್ತಿದ್ರು, ನಾನೂ ಎತ್ತಿದೆರೀ" ಎಂದರು. ಮೇಷ್ಟ್ರು ಅವರನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಡಿಸಿದರು. ಅಂದಿನಿಂದ ಅವರಿಬ್ಬರಿಗೆ ಸ್ನೇಹವಾಯಿತು.

ಸೋಲಿನಿಂದ ಇನ್ನೊಂದು ಸಂಗತಿ ನಡೆಯಿತು. ಮೇಷ್ಟ್ರು ಅಷ್ಟು ವರ್ಷ ಈ ದೇಶದಲ್ಲಿದ್ದರೂ ಪೌರತ್ವ ತೆಗೆದುಕೊಂಡಿರಲಿಲ್ಲ. ಹಾಗಾಗಿ ಒಮ್ಮೆಯೂ ಇಲ್ಲಿ ಓಟು ಹಾಕಿರಲಿಲ್ಲ. ನೋಡಿ ಬರೆಯುವವನು ತಾನೇ ಕಣಕ್ಕಿಳಿದರೆ ಬರೆಯುವುದು ಕೆಟ್ಟುಹೋಗುತ್ತದೆ ಎನ್ನುವುದು ಅವರ ವಾದ. ಅಕ್ಕ ಎಂದೋ ಪೌರತ್ವ ಪಡೆದು ಪ್ರತಿ ಚುನಾವಣೆಯಲ್ಲೂ ಓಟು ಹಾಕುತ್ತಿದ್ದರು. ಈಗ ಮೇಷ್ಟ್ರು, "ಒಂದು ಸಲ ಸೋತು ಹೊಟ್ಟೆ ಉರಿಸಿಕೊಂಡ ಮೇಲೆ ನಾನು ತಟಸ್ಥ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಗುತ್ತೆ" ಎಂದು ಅರ್ಜಿ ಹಾಕಿದರು.

ಸಂದರ್ಶನದ ದಿನ ಅಕ್ಕನೂ ನಾನೂ ಹೊರಗಿನ ಕೋಣೆಯಲ್ಲಿ ಕಾಯುತ್ತಿದ್ದೆವು. ಅಧಿಕಾರಿಗಳು ಈ ದೇಶದ ಸರ್ಕಾರದ ಬಗ್ಗೆ ಕೆಲವು ಸುಲಭ ಪ್ರಶ್ನೆ ಕೇಳುತ್ತಾರೆ. ಮೇಷ್ಟ್ರ ನಂತರ ಒಳಗೆ ಹೋದವರೆಲ್ಲ ನಗುತ್ತಾ ಹೊರಗೆ ಬಂದರು. ಮೇಷ್ಟ್ರು ಬರಲಿಲ್ಲ. "ಅಲ್ಲೂ ಪಾಠ ಶುರು ಮಾಡಿದಾರೆ" ಎಂದರು ಅಕ್ಕ. ಕೊನೆಗೆ ಬಂದ ಮೇಷ್ಟ್ರು ನಡೆದದ್ದನ್ನು ತಾವೇ ಹೇಳಿದರು.

ಅಧಿಕಾರಿ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಈ ದೇಶದ ಎರಡು ದೊಡ್ಡ ಪಕ್ಷಗಳು ಯಾವುವು ಎಂದು ಕೇಳಿದಳಂತೆ. ದೊಡ್ಡ ಎಂದರೆ ನೋಂದಣಿಯ ಲೆಕ್ಕದಲ್ಲೋ, ಬಿದ್ದ ಓಟಿನ ಲೆಕ್ಕದಲ್ಲೋ ಎಂದು ಮೇಷ್ಟ್ರು ತಿರುಗಿ ಕೇಳಿದರಂತೆ. ಎರಡು ಹೆಸರು ಸಾಕು ಎಂದಳಂತೆ. ಹೇಳಿದರು. ಅಧ್ಯಕ್ಷರಿಗೆ ಯಾವ ತಿಂಗಳು ಓಟು ಹಾಕುತ್ತೇವೆ ಎಂದಳಂತೆ. "ಜನ ಹಾಕೋದು ನವೆಂಬರಲ್ಲಿ. ಆದ್ರೆ ನಿಜವಾಗಿ ಅಧ್ಯಕ್ಷರನ್ನ ಆರಿಸೋ ಪ್ರತಿನಿಧಿಗಳು ಓಟು ಹಾಕೋದು ಡಿಸೆಂಬರಲ್ಲಿ. ನೀವು ಯಾವುದನ್ನ ಕೇಳ್ತಿದ್ದೀರಿ?" ಆಗ ಆ ಹುಡುಗಿ ಪೆನ್ನು ಕೆಳಗಿಟ್ಟು, "ಸಾರ್, ನಿಮ್ಮನ್ನ ಪಾಸು ಮಾಡೋಕೆ ನಾನು ಪ್ರಯತ್ನ ಪಡ್ತಿದ್ದೀನಿ. ದಯವಿಟ್ಟು ಸ್ವಲ್ಪ ಸಹಾಯ ಮಾಡಿ" ಎಂದಳಂತೆ.

"ಆಮೇಲೆ?" ಎಂದೆ.

"ಸಹಾಯ ಮಾಡಿದೆ. ನವೆಂಬರ್ ಅಂದೆ. ಒಳ್ಳೆ ಹುಡುಗಿ ಕಣಮ್ಮ. ಮುಖದಲ್ಲಿ ಏನೂ ತೋರಿಸ್ಲಿಲ್ಲ. ನಮ್ಮ ಕೆಲಸಕ್ಕೆ ಬಂದಿದ್ರೆ ಮೇಲೆ ಬರ್ತಿದ್ಲು."

ಅದೇ ವರ್ಷ ಮೇಷ್ಟ್ರಿಗೆ ಮೊದಲ ಮತಪತ್ರ ಅಂಚೆಯಲ್ಲಿ ಬಂತು. ಕ್ಯಾಲಿಫೋರ್ನಿಯಾದ ಮತಪತ್ರ ಎಂದರೆ ಮದುವೆ ಮನೆಯ ಎಲೆಯಷ್ಟು ಉದ್ದ. ಅಧ್ಯಕ್ಷರಿಂದ ಹಿಡಿದು ಶಾಲಾ ಮಂಡಳಿ, ನೀರಿನ ಮಂಡಳಿ, ಕೊಳಚೆ ನೀರಿನ ಮಂಡಳಿಯವರೆಗೆ ಎಲ್ಲದಕ್ಕೂ ಗುರುತು ಹಾಕಬೇಕು. ಆ ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಗಂಡ ಹೆಂಡತಿ ಊಟದ ಮೇಜಿನ ಎರಡು ತುದಿಯಲ್ಲಿ ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದರು. ಅಕ್ಕ ತಮ್ಮದನ್ನು ಸ್ಟೀಲ್ ತಟ್ಟೆಯೊಂದರಿಂದ ಮರೆಮಾಡಿಕೊಂಡಿದ್ದರು.

"ಕೊಳಚೆ ನೀರಿಗೆ ನೀನು ಯಾರಿಗೆ ಹಾಕ್ದೆ?" ಎಂದು ಮೇಷ್ಟ್ರು ಬಗ್ಗಿದರು.

"ರೀ, ನಿಮ್ಮದು ನೋಡ್ಕೊಳಿ. ಗೊತ್ತಿಲ್ದಿದ್ರೆ ಖಾಲಿ ಬಿಡಿ."

"ಮೂವತ್ತು ವರ್ಷ ಇದನ್ನ ಪಾಠ ಮಾಡಿ ಖಾಲಿ ಬಿಡೋದಾ?"

ಅಕ್ಕ ಮುಗಿಸಿ, ಲಕೋಟೆ ಅಂಟಿಸಿ, ಸಾರಿಗೆ ಒಗ್ಗರಣೆ ಹಾಕಲು ಹೋದರು. ಮೇಷ್ಟ್ರು ಪೆನ್ನು ಹಿಡಿದು ಕೂತೇ ಇದ್ದರು. ಕೊನೆಗೆ ಸರಕ್ಕನೆ ಒಂದು ಗುರುತು ಹಾಕಿ, ತಲೆ ಎತ್ತಿ ನನ್ನನ್ನು ನೋಡಿದರು. ಮುಖದಲ್ಲಿ ಮಗುವಿಗೆ ಮೊದಲ ಬಾರಿ ಸೈಕಲ್ಲಿನ ಮೇಲೆ ಬ್ಯಾಲೆನ್ಸ್ ಸಿಕ್ಕಾಗ ಬರುವಂಥ ಬೆಳಕಿತ್ತು.

"ಯಾರು ಅಂತ ನನಗೆ ಗೊತ್ತಿಲ್ಲಮ್ಮ. ನಮ್ಮ ಬೀದಿ ಮೂಲೇಲಿ ಹಸಿರು ಬಣ್ಣದ ಬೋರ್ಡು ಹಾಕಿದ್ದಾಳೆ, ದಿನಾ ವಾಕಿಂಗಲ್ಲಿ ನೋಡ್ತೀನಿ. ಅಷ್ಟೇ. ಅದಕ್ಕೇ ಹಾಕ್ದೆ. ಹಾಗಾದ್ರೆ ನಾನು ಇಷ್ಟು ವರ್ಷ ಬರೆದದ್ದೆಲ್ಲ ನಿಜ ಕಣಮ್ಮ."

ಕಾಫಿ ಬಂತು. ಅರ್ಧ ಲೋಟ ಕುಡಿಯುವಷ್ಟರಲ್ಲಿ, "ಅಂದ್ರೂ ಬೋರ್ಡನ್ನ ಅಷ್ಟು ನೀಟಾಗಿ ನೆಟ್ಟಿದ್ದಾಳೆ ಅಂದ್ಮೇಲೆ ಕೆಲಸಾನೂ ಅಚ್ಚುಕಟ್ಟಾಗಿ ಮಾಡ್ತಾಳೆ ಅನ್ಸುತ್ತೆ. ಕೊಳಚೆ ನೀರಿನ ವಿಷಯದಲ್ಲಿ ಅಂಥೋರೇ ಬೇಕು" ಎಂದರು. ಹೇಳಿ, ತಟ್ಟನೆ ಮಾತು ನಿಲ್ಲಿಸಿ, ಲೋಟ ಕೆಳಗಿಟ್ಟು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದ ಅಕ್ಕನೂ ಕಾರಣ ಗೊತ್ತಿಲ್ಲದೆ ನಕ್ಕರು.

ಆಮೇಲೆ ಮೇಷ್ಟ್ರು ಹೆಚ್ಚು ದಿನ ಇರಲಿಲ್ಲ. ನಿವೃತ್ತಿಯಾದ ಮೇಲೂ ವಾರಕ್ಕೊಂದು ಕ್ಲಾಸು ಇಟ್ಟುಕೊಂಡಿದ್ದರು. ಮುಂದಿನ ವಸಂತದಲ್ಲಿ ಒಂದು ಬೆಳಿಗ್ಗೆ ಹಿತ್ತಲಿನ ನಿಂಬೆ ಗಿಡಕ್ಕೆ ನೀರು ಹಾಕುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮನೆಗೆ ಬಂದವರಿಗೆಲ್ಲ ಕೂರಲು ಹುಬ್ಬಳ್ಳಿಯವರೇ ಓಡಾಡಿ ವ್ಯವಸ್ಥೆ ಮಾಡಿದರು. ಎಲ್ಲರ ಎದುರೂ ಗಟ್ಟಿಯಾಗಿದ್ದು, ಹೋಗುವಾಗ ಬಾಗಿಲಲ್ಲಿ ನಿಂತು, "ನನ್ನ ಎದುರಿಗೆ ನಿಂತವರು ಅಂದ್ರ ಅವರೊಬ್ಬರರೀ. ಮತ್ತ್ಯಾರೂ ನಿಲ್ಲಲಿಲ್ಲ" ಎಂದು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ನನ್ನ ಓದು ಮುಗಿದು, ಗ್ರೀನ್ ಕಾರ್ಡೂ ಬಂದು, ಅದೇ ವಿಭಾಗದಲ್ಲಿ ಸಣ್ಣದೊಂದು ಕೆಲಸ ಸಿಕ್ಕಿತ್ತು. ಅರ್ಧಕ್ಕೆ ನಿಂತ ಮೇಷ್ಟ್ರ ಕ್ಲಾಸನ್ನು ನೀನೇ ಮುಗಿಸು ಎಂದು ವಿಭಾಗದವರು ಕೇಳಿದರು. ನಾನು ಏನು ಮಾತಾಡಬೇಕೆಂದು ಗೊತ್ತಿಲ್ಲದೆಯೇ ಒಳಗೆ ಹೋದೆ. ಮೂವತ್ತು ಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿ, "ನೀವು ಅವರನ್ನ ಚೆನ್ನಾಗಿ ಬಲ್ಲಿರಿ. ಅವರು ಯಾವ ಪಕ್ಷದ ಕಡೆ ಇದ್ದರು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಅಷ್ಟು ವರ್ಷ ಅವರ ಜೊತೆ ಬಾಗಿಲು ತಟ್ಟಿದ್ದೇನೆ, ಅವರ ಮನೆಯಲ್ಲಿ ಉಂಡಿದ್ದೇನೆ, ಅವರು ಮೊದಲ ಓಟು ಹಾಕುವಾಗ ಎದುರಿಗೇ ಕೂತಿದ್ದೇನೆ. ಕೊಳಚೆ ನೀರಿನ ಮಂಡಳಿಯ ಹೊರತು ನನಗೆ ಒಂದೂ ಗೊತ್ತಿಲ್ಲ.

"ನನಗೆ ಗೊತ್ತಿಲ್ಲ" ಎಂದೆ.

ಒಬ್ಬರೂ ನಂಬಲಿಲ್ಲ. ಮುಂದಿನ ಸಾಲಿನ ಹುಡುಗಿ, ಅವರು ಖಂಡಿತ ತಮ್ಮ ಕಡೆಯವರು, ತನ್ನ ಮಾತಿಗೊಮ್ಮೆ 'ಸರಿ' ಎಂದಿದ್ದರು ಎಂದಳು. ಅವಳ ಪಕ್ಕದವನು, ಇಲ್ಲವೇ ಇಲ್ಲ, ಅವಳ ಪಕ್ಷವನ್ನು ತಾನು ಬೈದಾಗ ಅವರು ಒಂದು ಮಾತೂ ತಡೆಯಲಿಲ್ಲ, ಆದ್ದರಿಂದ ತಮ್ಮ ಕಡೆಯವರೇ ಎಂದ. ಇನ್ನೊಬ್ಬಳು ಪುರಾವೆ ಕೊಟ್ಟಳು, ಮತ್ತೊಬ್ಬ ಅದನ್ನು ಮುರಿದ. ತಲೆ ತಗ್ಗಿಸಿ ಕೂತಿದ್ದವರೆಲ್ಲ ಈಗ ಎದ್ದು ನಿಂತು ಮಾತಾಡುತ್ತಿದ್ದರು. ನಾನು ತಡೆಯಲಿಲ್ಲ. ಒಬ್ಬೊಬ್ಬರು ಮುಗಿಸಿದಾಗಲೂ, "ಸರಿ. ಮುಂದೆ?" ಎಂದಷ್ಟೇ ಅಂದೆ. ಗಂಟೆ ಮುಗಿದರೂ ಯಾರೂ ಚೀಲ ಎತ್ತಲಿಲ್ಲ.

ಸಂಜೆ ಅಕ್ಕ ಫೋನು ಮಾಡಿದರು. "ಪಾಠ ಹೇಗಾಯ್ತು?"

ನಡೆದದ್ದನ್ನು ಹೇಳಿದೆ. ಅಷ್ಟು ದಿನಗಳ ನಂತರ ಆ ಕಡೆಯಿಂದ ಅವರು ನಕ್ಕದ್ದು ಕೇಳಿಸಿತು.

"ಕೊನೆಗೆ ಏನಂತ ತೀರ್ಮಾನ ಆಯ್ತು?"

"ಕೈ ಎತ್ತಿಸಿದೆ ಅಕ್ಕ. ಸಮಸಮ ಬಂತು."

"ಅವರು ಕೇಳಿದ್ರೆ ಬಹಳ ಖುಷಿ ಪಡೋರು" ಎಂದರು ಅಕ್ಕ. "ನಾಳೆ ಊಟಕ್ಕೆ ಬಾ. ಒಬ್ಬಳಿಗೇ ಅಡಿಗೆ ಮಾಡೋಕೆ ಇನ್ನೂ ಅಂದಾಜು ಸಿಗ್ತಿಲ್ಲ."

ಮರುದಿನ ಹೋದೆ. ಆ ಕ್ಲಾಸನ್ನು ಈಗಲೂ ನಾನೇ ತೆಗೆದುಕೊಳ್ಳುತ್ತೇನೆ. ಪ್ರತಿ ಚುನಾವಣೆಯ ಹೊತ್ತಿಗೂ ಮಕ್ಕಳು, ಯಾರು ಗೆಲ್ಲುತ್ತಾರೆ ಮೇಡಂ ಎಂದು ಕೇಳುತ್ತಾರೆ. ನಿಮಗೇನನ್ನಿಸುತ್ತದೆ ಹೇಳಿ ಎಂದು ಕುರ್ಚಿ ಎಳೆದುಕೊಂಡು ಅವರ ನಡುವೆ ಕೂರುತ್ತೇನೆ.